ರ‍್ಯಾಂಪ್ ನೋಡಿ ಮುಂದಿನ ಸೀಸನ್ ಹೇಳೋದು ಹೇಗೆ?

ಓದುಗರ ಪ್ರಶ್ನೆ: ಜಯನಗರದಲ್ಲಿ ಸಣ್ಣ ಬುಟಿಕ್ ಇಟ್ಟುಕೊಂಡಿದ್ದೇನೆ ಮೇಡಂ. ಪ್ಯಾರಿಸ್, ಮುಂಬೈ ಫ್ಯಾಷನ್ ಶೋಗಳ ವಿಡಿಯೊ ತಪ್ಪದೆ ನೋಡುತ್ತೇನೆ. ಆದರೆ ಅಲ್ಲಿ ಹಾಕಿಕೊಂಡು ಬರುವ ಬಟ್ಟೆ ಇಲ್ಲಿ ಯಾರೂ ಹಾಕಲ್ಲ. ಹಾಗಿದ್ದರೆ ಅದನ್ನು ನೋಡಿ ಮುಂದೆ ಏನು ನಡೆಯುತ್ತದೆ ಅಂತ ಹೇಗೆ ಹೇಳುತ್ತಾರೆ?

ಎಲ್ಲರೂ ಶೇರ್ ಮಾಡುತ್ತಾರಲ್ಲ, ಆ ಬಟ್ಟೆಯನ್ನು ಮೊದಲು ಬಿಟ್ಟುಬಿಡಿ. ತಲೆ ಮೇಲೆ ಪಂಜರ, ಹತ್ತಡಿ ಬಾಲದ ಗೌನು, ಇವೆಲ್ಲ ಕ್ಯಾಮೆರಾಗೆ ಅಂತಲೇ ಮಾಡಿದ್ದು. ನೀವು ನೋಡಬೇಕಾದ್ದು ಅದರ ಹಿಂದೆ ಮುಂದೆ ಸುಮ್ನೆ ನಡೆದುಹೋದ, ಯಾರೂ ಬಾಯಿ ಬಿಟ್ಟುಕೊಂಡು ನೋಡದ ಪ್ಯಾಂಟು, ಶರ್ಟು. ಅಂಗಡಿಗೆ ಬರೋದು ಅವೇ.

ವಿಡಿಯೊ ಕೂಡ ಬೇಡ. ಹಾಡು, ಲೈಟು, ಮಾಡೆಲ್ ನಡಿಗೆ ಎಲ್ಲ ಸೇರಿ ಕಣ್ಣು ಕಟ್ಟಿಬಿಡುತ್ತವೆ. ಶೋ ಮುಗಿದ ಮೇಲೆ ಒಂದೊಂದೇ ಉಡುಪಿನ ಫೋಟೊ ಸಾಲಾಗಿ ಹಾಕುತ್ತಾರೆ, ಅದನ್ನು ತೆಗೆಯಿರಿ. ಪಕ್ಕದಲ್ಲೊಂದು ನೋಟ್‌ಬುಕ್ ಇಟ್ಟುಕೊಳ್ಳಿ. ಚೆನ್ನಾಗಿದೆಯಾ ಇಲ್ಲವಾ ಅನ್ನೋದು ಈಗ ಬೇಡ. ಪ್ಯಾಂಟಿನ ಸೊಂಟ ಹೊಕ್ಕುಳಿನ ಮೇಲೆ ಕೂತಿದೆಯಾ ಕೆಳಗಾ, ಕಾಲು ಎಷ್ಟು ಅಗಲ, ಭುಜದ ಹೊಲಿಗೆ ಭುಜದ ಮೇಲೇ ಇದೆಯಾ ಅಥವಾ ತೋಳಿಗೆ ಜಾರಿದೆಯಾ, ಸ್ಕರ್ಟು ಮಂಡಿಗೆ ನಿಂತಿದೆಯಾ ಮೀನಖಂಡಕ್ಕೆ ಇಳಿದಿದೆಯಾ, ಬಟ್ಟೆ ಬಿರುಸಾ ಮೆತ್ತಗಾ, ಇಷ್ಟನ್ನೇ ಗೆರೆ ಎಳೆದು ಎಣಿಸುತ್ತಾ ಹೋಗಿ. ಚಪ್ಪಲಿ, ಬ್ಯಾಗಿನ ಬಣ್ಣವನ್ನೂ ಬಿಡಬೇಡಿ. ಎಷ್ಟೋ ಸಲ ಹೊಸ ಬಣ್ಣ ಮೊದಲು ಕಾಣಿಸಿಕೊಳ್ಳೋದು ಅಲ್ಲೇ.

ಒಂದೇ ಶೋನಲ್ಲಿ ಹತ್ತು ಸಲ ಬಂದರೆ ಅದು ಆ ಡಿಸೈನರ್ ಇಷ್ಟ, ಅಷ್ಟೆ. ಅದೇ ಸಂಗತಿ ಒಬ್ಬರಿಗೊಬ್ಬರು ಸಂಬಂಧವೇ ಇಲ್ಲದ ನಾಲ್ಕೈದು ಬ್ರ್ಯಾಂಡ್‌ಗಳಲ್ಲಿ, ಬೇರೆ ಬೇರೆ ಊರಲ್ಲಿ ಕಾಣಿಸಿದರೆ ಕಿವಿ ನೆಟ್ಟಗಾಗಬೇಕು. 2023ರ ಸೆಪ್ಟೆಂಬರ್‌ನಲ್ಲಿ ಮಿಲಾನ್‌ನಲ್ಲಿ ಡಿಸೈನರ್ ಸಬಾಟೊ ಡಿ ಸಾರ್ನೊ ಇಟಲಿಯ ಗುಚಿ ಬ್ರ್ಯಾಂಡ್‌ಗೆ ತಮ್ಮ ಮೊದಲ ಶೋ ಮಾಡಿದರು. ಸಾದಾ ಬಟ್ಟೆ, ಕೆಲವರು ಸಪ್ಪೆ ಅಂತಲೂ ಅಂದರು. ಆದರೆ ಬ್ಯಾಗು, ಶೂಗಳಲ್ಲಿ ಮತ್ತೆ ಮತ್ತೆ ಒಂದೇ ಕಡುಗೆಂಪು. ಆಮೇಲೆ ಬೇರೆಯವರ ರ‍್ಯಾಂಪಿನಲ್ಲೂ ಅದರ ಬಳಗವೇ. 2024ರ ಕೊನೆಗೆ ಎಲ್ಲಿ ನೋಡಿದರೂ ಬರ್ಗಂಡಿ, ಅಂದರೆ ನಮ್ಮ ಮರೂನ್ ಥರದ ಕಡುಗೆಂಪು. (ನಮ್ಮ ರೇಷ್ಮೆ ಸೀರೆ ಅಂಗಡಿಗಳಲ್ಲಿ ಮರೂನ್ ಯಾವತ್ತು ಹೋಗಿತ್ತು ಹೇಳಿ, ವಾಪಸ್ ಬರೋದಕ್ಕೆ!)

ಇಷ್ಟು ಜನಕ್ಕೆ ಒಟ್ಟಿಗೆ ಒಂದೇ ಬಣ್ಣ ಹೇಗೆ ಹೊಳೆಯುತ್ತದೆ? ಎಲ್ಲ ಸಲವೂ ಕಾಪಿ ಹೊಡೆಯೋದಲ್ಲ. ಶೋಗಿಂತ ಎಷ್ಟೋ ತಿಂಗಳ ಮೊದಲೇ ನೂಲಿನವರು, ಬಟ್ಟೆ ಮಿಲ್‌ನವರು ಬಣ್ಣ ತೀರ್ಮಾನ ಮಾಡಿರುತ್ತಾರೆ. ಪ್ಯಾರಿಸ್‌ನ ಪ್ರೀಮಿಯರ್ ವಿಷನ್ ಥರದ ಮೇಳಗಳಲ್ಲಿ ಡಿಸೈನರ್‌ಗಳು ಅವೇ ಬಟ್ಟೆ ತುಂಡುಗಳನ್ನು ಮುಟ್ಟಿ ನೋಡಿ ಆರ್ಡರ್ ಕೊಡುತ್ತಾರೆ. ಅದಕ್ಕೂ ಮೊದಲು ಡಬ್ಲ್ಯುಜಿಎಸ್‌ಎನ್‌ನಂಥ ಕಂಪನಿಗಳು ಸುಮಾರು ಎರಡು ವರ್ಷ ಮುಂಚೆಯೇ ಬಣ್ಣದ ಅಂದಾಜು ತಯಾರು ಮಾಡಿ ಮಾರುತ್ತವೆ. ಕೊಳ್ಳುವವರು ದುಡ್ಡು ಕೊಟ್ಟು ಕೊಂಡು ಅದನ್ನೇ ಅನುಸರಿಸಿದರೆ ಅಂದಾಜು ನಿಜವಾಗದೆ ಇನ್ನೇನಾಗುತ್ತದೆ? ನನಗಂತೂ ಇದು ಭವಿಷ್ಯ ಹೇಳುವುದಕ್ಕಿಂತ ಜಾಸ್ತಿ, ಮಾತಾಡಿಕೊಂಡು ಮಾಡಿದ ವ್ಯಾಪಾರದ ಹಾಗೆಯೇ ಕಾಣುತ್ತದೆ.

ಕಾಲದ ಲೆಕ್ಕ ಸುಲಭ. ನ್ಯೂಯಾರ್ಕ್, ಲಂಡನ್, ಮಿಲಾನ್, ಪ್ಯಾರಿಸ್, ಈ ಸಾಲಿನಲ್ಲೇ ಶೋಗಳು ನಡೆಯುತ್ತವೆ. ಫೆಬ್ರವರಿ, ಮಾರ್ಚ್‌ನಲ್ಲಿ ತೋರಿಸೋದು ಅದೇ ವರ್ಷದ ಚಳಿಗಾಲಕ್ಕೆ. ಸೆಪ್ಟೆಂಬರ್, ಅಕ್ಟೋಬರ್‌ನದ್ದು ಮುಂದಿನ ವರ್ಷದ ಬೇಸಿಗೆಗೆ. ನಿಮಗೆ ಇದರಲ್ಲಿ ಸೆಪ್ಟೆಂಬರ್ ಮುಖ್ಯ. ನಮ್ಮ ಊರಿನ ಚಳಿಗೆ ಡಿಸೆಂಬರ್‌ನಲ್ಲಿ ಒಂದು ಸ್ವೆಟರ್ ಸಾಕು, ಅವರ ಉಣ್ಣೆ ಕೋಟು ಕಟ್ಟಿಕೊಂಡು ನಮಗೇನು? ಫೆಬ್ರವರಿ ಶೋಗಳಿಂದ ಬಣ್ಣ, ಕಟಿಂಗ್ ಮಾತ್ರ ತೆಗೆದುಕೊಂಡು ಬಟ್ಟೆಯ ದಪ್ಪ ಅಲ್ಲೇ ಬಿಡಿ. ಮದುವೆ ಬಟ್ಟೆ ಮಾಡುವವರಾದರೆ ಪ್ಯಾರಿಸ್‌ಗಿಂತ ಜುಲೈ ಹೊತ್ತಿಗೆ ದೆಹಲಿಯಲ್ಲಿ ನಡೆಯುವ ಕೂಟೂರ್ ವೀಕ್ (ದುಬಾರಿ ಮದುವೆ, ಸಮಾರಂಭದ ಉಡುಪುಗಳ ಶೋ) ನೋಡಿ. ಬ್ಲೌಸಿನ ಕುತ್ತಿಗೆ, ದುಪಟ್ಟಾ ಹಾಕುವ ರೀತಿ, ಲೆಹೆಂಗಾ ಬಣ್ಣ, ಇದನ್ನೇ ಫೋನಿನಲ್ಲಿ ಹಿಡಿದುಕೊಂಡು ಗಿರಾಕಿಗಳು ನಿಮ್ಮ ಹತ್ತಿರ ಬರುತ್ತಾರೆ.

ಇಷ್ಟಾದ ಮೇಲೂ ಒಂದು ಜರಡಿ ಹಿಡಿಯಬೇಕು. ಇದನ್ನು ನಮ್ಮ ಹುಡುಗಿ ಸ್ಕೂಟರ್ ಮೇಲೆ ಹಾಕಿಕೊಂಡು ಹೋಗಬಲ್ಲಳಾ? ನೆಲ ಗುಡಿಸುವ ಪ್ಯಾಂಟು ಮಳೆಗಾಲದಲ್ಲಿ ನಡೆಯಲ್ಲ. ಅದೇ ಅಗಲ ಇಟ್ಟು ಕಣಕಾಲಿಗೆ ಕತ್ತರಿಸಿದರೆ ನಡೆಯುತ್ತದೆ. 2024ರ ಫೆಬ್ರವರಿಯಲ್ಲಿ ಪ್ಯಾರಿಸ್‌ನ ಸೇಂಟ್ ಲಾರೆಂಟ್ ಬ್ರ್ಯಾಂಡ್ ಹೆಚ್ಚುಕಡಿಮೆ ಇಡೀ ಶೋಗೆ ಮೈ ಕಾಣುವ ತೆಳು ಬಟ್ಟೆಯನ್ನೇ ಹಾಕಿತ್ತು. ಜಯನಗರಕ್ಕೆ ಅದನ್ನು ಇಳಿಸುವುದಾದರೆ ಕಾಟನ್ ಕುರ್ತಾಗೆ ಆರ್ಗಾಂಜಾದ (ಆಚೆ ಕಾಣುವಷ್ಟು ತೆಳು ಬಟ್ಟೆ) ತೋಳು, ಇಲ್ಲವೇ ಮೇಲೆ ಹಾಕಿಕೊಳ್ಳಲು ತೆಳ್ಳನೆಯ ಒಂದು ಜಾಕೆಟ್. ಅಷ್ಟು ಸಾಕು.

ಬೆಂಗಳೂರಿನವರಿಗೆ ಇನ್ನೊಂದು ಅನುಕೂಲ ಇದೆ, ಯಾಕೋ ಯಾರೂ ಬಳಸಿಕೊಳ್ಳಲ್ಲ. ಹೊರದೇಶದ ಬ್ರ್ಯಾಂಡ್‌ಗಳಿಗೆ ಬಟ್ಟೆ ಹೊಲಿಯುವ ಗಾರ್ಮೆಂಟ್ಸ್ ಇರೋದು ಇಲ್ಲೇ, ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆಯಲ್ಲಿ. ರಫ್ತಿಗೆ ಹೊಲಿದು ಉಳಿದದ್ದನ್ನು ಮಾರುವ ಎಕ್ಸ್‌ಪೋರ್ಟ್ ಸರ್‌ಪ್ಲಸ್ ಅಂಗಡಿಗೆ ಹೋಗಿ, ಲೇಬಲ್ ಕತ್ತರಿಸಿದ ರಾಶಿಯಲ್ಲಿ ಕೈಯಾಡಿಸಿ. ರ‍್ಯಾಂಪಿನಲ್ಲಿ ನೀವು ಗೆರೆ ಎಳೆದ ಕಟಿಂಗ್ ಅಲ್ಲಿ ಸಿಕ್ಕರೆ ಯಾರೋ ಅದರ ಮೇಲೆ ದುಡ್ಡು ಹಾಕಿದ್ದಾರೆ ಅಂತ ಅರ್ಥ. ಒಳಗಡೆ ತಿರುಗಿಸಿ ಹೊಲಿಗೆಯನ್ನೂ ನೋಡಿ, ನಿಮ್ಮ ಟೈಲರ್ ಅದನ್ನು ಮಾಡಬಲ್ಲರಾ ಅಂತ ಅಲ್ಲೇ ಗೊತ್ತಾಗುತ್ತದೆ.

ಅಂದಹಾಗೆ, ಎಲ್ಲವೂ ಅಲ್ಲಿಂದ ಇಲ್ಲಿಗೇ ಬರಬೇಕು ಅಂತೇನಿಲ್ಲ. 2025ರ ಜೂನ್‌ನಲ್ಲಿ ಮಿಲಾನ್‌ನ ಪ್ರಾಡಾ ಶೋನಲ್ಲಿ ಗಂಡಸರು ಹಾಕಿಕೊಂಡು ಬಂದಿದ್ದು ಥೇಟ್ ಕೊಲ್ಹಾಪುರಿ ಚಪ್ಪಲಿ. 2019ರಲ್ಲಿ ಅದಕ್ಕೆ ಸಿಕ್ಕ ಜಿಐ ಗುರುತಿನಲ್ಲಿ (ಇದು ಇಂಥ ಊರಿನದ್ದು ಅಂತ ಸರ್ಕಾರ ಕೊಡುವ ಮಾನ್ಯತೆ) ನಮ್ಮ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ ಜಿಲ್ಲೆಗಳೂ ಇವೆ. ಮೂಲ ಹೇಳಲಿಲ್ಲ ಅಂತ ಗಲಾಟೆ ಆದ ಮೇಲೆ, ಅದು ಭಾರತದ ಚಪ್ಪಲಿಯಿಂದಲೇ ಬಂದದ್ದು ಅಂತ ಕಂಪನಿ ಒಪ್ಪಿಕೊಂಡಿತು, ಅದು ಬೇರೆ ಮಾತು. ನಿಮ್ಮ ಕುರ್ತಾಗಳ ಪಕ್ಕದಲ್ಲಿ ಅಥಣಿ ಚಪ್ಪಲಿ ನಾಲ್ಕು ಜೊತೆ ಇಡಿ, ಪ್ರಾಡಾ ಬೆಲೆ ಹೇಳದಿದ್ದರೆ ಆಯಿತು.

ಖರೀದಿಯಲ್ಲಿ ಮಾತ್ರ ಕೈ ಬಿಗಿ ಹಿಡಿಯಿರಿ. ಹೊಸ ಬಣ್ಣವನ್ನು ಮೊದಲು ದುಪಟ್ಟಾ, ಬ್ಲೌಸ್ ಪೀಸ್‌ನಲ್ಲಿ ತನ್ನಿ. ಚಿಕ್ಕಪೇಟೆಯಲ್ಲಿ ಅಂಗಡಿಯವರು ಎಷ್ಟೇ ಪುಸಲಾಯಿಸಿದರೂ ಇಡೀ ಥಾನು ಎತ್ತಬೇಡಿ. ಹೊಸ ಕಟಿಂಗ್ ಆದರೆ ನೀವು ಈಗಾಗಲೇ ಚೆನ್ನಾಗಿ ಮಾರುತ್ತಿರುವ ಬಣ್ಣದಲ್ಲೇ ಮೂರು ಸೈಜ್ ಹೊಲಿಸಿ ನೇತುಹಾಕಿ. ಬಣ್ಣವೂ ಹೊಸದು, ಕಟಿಂಗೂ ಹೊಸದು ಅಂತಾದರೆ ಮಾರದೇ ಉಳಿದಾಗ ತಪ್ಪು ಯಾವುದರದ್ದು ಅಂತ ನಿಮಗೆ ಗೊತ್ತಾಗೋದೇ ಇಲ್ಲ.