ಶಾಲೆಯ ಆಪ್ತಸಮಾಲೋಚಕರು ಯಾರನ್ನು ಕೇಳಬೇಕು?

ಗಣಿತದ ಶಿಕ್ಷಕರಿಗೆ ಒಂದು ಲೆಕ್ಕ ಬಿಡಿಸಲಾಗದಿದ್ದರೆ ಪಕ್ಕದ ತರಗತಿಯವರನ್ನು ಕೇಳುತ್ತಾರೆ. ಶಾಲೆಯ ಆಪ್ತಸಮಾಲೋಚಕರಿಗೆ ಆ ಅನುಕೂಲವಿಲ್ಲ. ಇಡೀ ಸಂಸ್ಥೆಗೆ ಅವರು ಒಬ್ಬರೇ. ಮಗು ಹೇಳಿದ್ದನ್ನು ಸ್ಟಾಫ್ ರೂಮಿನಲ್ಲಿ ಬಾಯಿಬಿಟ್ಟರೆ ಸಂಜೆಯೊಳಗೆ ಅದು ಶಾಲೆಯ ವಾಹನದ ಚಾಲಕನವರೆಗೂ ತಲುಪಿರುತ್ತದೆ. ಬಾಯಿಬಿಡದಿದ್ದರೆ, ತಾನು ಕೊಟ್ಟ ಸಲಹೆ ಸರಿಯೋ ತಪ್ಪೋ ಎಂದು ರಾತ್ರಿಯೆಲ್ಲ ಒಬ್ಬರೇ ಯೋಚಿಸಬೇಕು. ದಾವಣಗೆರೆಯಲ್ಲಿ ಈ ಕೆಲಸಕ್ಕೆ ಬಂದ ಹೊಸಬರು ಬೇಗ ಬಿಟ್ಟು ಹೋಗುವುದಕ್ಕೆ ಕಡಿಮೆ ಸಂಬಳಕ್ಕಿಂತ ಈ ಒಂಟಿತನವೇ ದೊಡ್ಡ ಕಾರಣ ಎಂಬುದು ನನ್ನ ಅಂದಾಜು.

2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ವಿದ್ಯಾರ್ಥಿಗಳ ಮಾನಸಿಕ ಆರೋಗ್ಯದ ಬಗ್ಗೆ 15 ಮಾರ್ಗಸೂಚಿಗಳನ್ನು ಕೊಟ್ಟಿತು. 100 ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಯಲ್ಲಿ ತರಬೇತಿ ಪಡೆದ ಒಬ್ಬ ಆಪ್ತಸಮಾಲೋಚಕರೋ, ಮನಶ್ಶಾಸ್ತ್ರಜ್ಞರೋ, ಸಮಾಜ ಕಾರ್ಯಕರ್ತರೋ ಇರಲೇಬೇಕು ಎಂಬ ಸಾಲು ಎಲ್ಲರ ಗಮನಕ್ಕೆ ಬಂತು. ಅದರ ಮುಂದಿನ ಸಾಲನ್ನು ಓದಿದವರು ಕಡಿಮೆ: ಅದಕ್ಕಿಂತ ಚಿಕ್ಕ ಸಂಸ್ಥೆಗಳು ಹೊರಗಿನ ಮಾನಸಿಕ ಆರೋಗ್ಯ ತಜ್ಞರೊಂದಿಗೆ ವಿಧಿವತ್ತಾದ ಸಂಪರ್ಕ ಇಟ್ಟುಕೊಳ್ಳಬೇಕು. ಜಗಳೂರು, ಮೊಳಕಾಲ್ಮುರು ಕಡೆಯ ಸಣ್ಣ ಪ್ರೌಢಶಾಲೆಗಳಿಗೆ ಅನ್ವಯಿಸುವುದು ಈ ಎರಡನೆಯ ಸಾಲು. ನನ್ನನ್ನು ಕೇಳಿದರೆ, ಆಪ್ತಸಮಾಲೋಚಕರನ್ನು ನೇಮಿಸಿಕೊಂಡ ದೊಡ್ಡ ಸಂಸ್ಥೆಗಳಿಗೂ ಬೇಕಾದದ್ದು ಇದೇ.

ಸಂಪರ್ಕ ಎಂದರೆ ಗೋಡೆಗೆ ಅಂಟಿಸಿದ ದೂರವಾಣಿ ಸಂಖ್ಯೆಯಲ್ಲ. ರಾಜ್ಯ ಸರ್ಕಾರದ ಮನೋಚೈತನ್ಯ ಯೋಜನೆಯಡಿ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗಳಿಗೆ ಬರುವುದು ಮಂಗಳವಾರ. ನಿಮ್ಮ ತಾಲ್ಲೂಕಿಗೆ ಯಾವ ಮಂಗಳವಾರ, ಎಷ್ಟು ಹೊತ್ತಿಗೆ ಎಂಬುದನ್ನು ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡದಿಂದ ಮೊದಲೇ ತಿಳಿದುಕೊಳ್ಳಿ. ಒಮ್ಮೆ ಅಲ್ಲಿಗೆ ಹೋಗಿ ಮುಖಪರಿಚಯ ಮಾಡಿಕೊಂಡು ಬನ್ನಿ. ನೀವು ಕಳಿಸಿದ ಮಗುವನ್ನು ಹೊರರೋಗಿಗಳ ಸಾಲಿನಲ್ಲಿ ಒಂದು ಚೀಟಿ ಎಂದು ನೋಡುವುದಕ್ಕೂ, 'ಆ ಶಾಲೆಯ ಮೇಡಂ ಕಳಿಸಿದ್ದು' ಎಂದು ನೋಡುವುದಕ್ಕೂ ಬಹಳ ವ್ಯತ್ಯಾಸವಿದೆ. ಹದಿಹರೆಯದವರ ಆರೋಗ್ಯಕ್ಕಾಗಿ ಸರ್ಕಾರಿ ಆಸ್ಪತ್ರೆಗಳಲ್ಲಿ ಸ್ನೇಹ ಕ್ಲಿನಿಕ್‌ಗಳಿವೆ. ಮುಟ್ಟಿನ ತೊಂದರೆ, ರಕ್ತಹೀನತೆಯಂತಹ ಕಾರಣ ಹೇಳಿ ಅಲ್ಲಿಗೆ ಹೋಗಲು ಮನೆಯವರು ಸುಲಭವಾಗಿ ಒಪ್ಪುತ್ತಾರೆ. 'ಮನೋವೈದ್ಯರು' ಎಂದ ತಕ್ಷಣ ಎದ್ದು ಹೋಗುವ ತಂದೆಯರನ್ನು ನಾನು ಸಾಕಷ್ಟು ನೋಡಿದ್ದೇನೆ. ಯುವಜನರಿಗೆ ಮಾರ್ಗದರ್ಶನ ನೀಡುವ, ನಿಮ್ಹಾನ್ಸ್ ಸಹಯೋಗದ ಯುವ ಸ್ಪಂದನ ಕೇಂದ್ರ ಪಿಯು ಮತ್ತು ಪದವಿ ಮಕ್ಕಳಿಗೆ ಹೆಚ್ಚು ಹೊಂದುತ್ತದೆ.

ಕಳಿಸುವಾಗ ಪತ್ರ ಕೊಡಿ, ಆದರೆ ಪತ್ರದಲ್ಲಿ ರೋಗದ ಹೆಸರು ಬರೆಯಬೇಡಿ. ಅದು ನಮ್ಮ ಕೆಲಸವಲ್ಲ. 'ಮೂರು ವಾರದಿಂದ ನಿದ್ದೆ ಮಾಡುತ್ತಿಲ್ಲ, ಊಟ ಬಿಟ್ಟಿದ್ದಾಳೆ, ತರಗತಿಯಲ್ಲಿ ಅಳುತ್ತಾಳೆ' ಎಂದು ಕಂಡದ್ದನ್ನು ಕಂಡ ಹಾಗೆ ಬರೆದರೆ ವೈದ್ಯರಿಗೆ ಅದೇ ಹೆಚ್ಚು ಉಪಯುಕ್ತ.

ಒಂದು ವಿಷಯದಲ್ಲಂತೂ ಗೌಪ್ಯತೆಯ ಮಾತು ನಡೆಯುವುದೇ ಇಲ್ಲ. ಲೈಂಗಿಕ ದೌರ್ಜನ್ಯ ತಿಳಿದುಬಂದರೆ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿರುವುದು ಶಿಕ್ಷಾರ್ಹ ಅಪರಾಧ. 'ಶಾಲೆಯ ಮರ್ಯಾದೆ' ಎಂದು ಆಡಳಿತ ಮಂಡಳಿಯವರು ತಡೆಯಬಹುದು. ಆಗ ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಪರಿಚಯದವರು ಇದ್ದರೆ ಬೆನ್ನಿಗೆ ಬಲ ಬರುತ್ತದೆ. ಬಾಲ್ಯವಿವಾಹದ ಸುಳಿವಿಗೂ ಅವರೇ, ಮಕ್ಕಳ ಸಹಾಯವಾಣಿ 1098 ಕೂಡ.

ಇನ್ನು ನಮ್ಮ ನಮ್ಮಲ್ಲೇ ಸೇರುವುದು. ದಾವಣಗೆರೆ, ಹರಿಹರದ ನಾವು ಕೆಲವರು ತಿಂಗಳಿಗೊಮ್ಮೆ ಒಂದು ಶನಿವಾರ ಮಧ್ಯಾಹ್ನ ಒಟ್ಟಿಗೆ ಕೂರುತ್ತೇವೆ. ಸಂಘವಲ್ಲ, ಪದಾಧಿಕಾರಿಗಳಿಲ್ಲ, ಹಾರ ತುರಾಯಿ ಇಲ್ಲ. ಒಬ್ಬರು ತಮ್ಮನ್ನು ಕಾಡುತ್ತಿರುವ ಒಂದು ಪ್ರಕರಣ ಹೇಳುತ್ತಾರೆ, ಉಳಿದವರು ಮೊದಲು ಪ್ರಶ್ನೆ ಮಾತ್ರ ಕೇಳಬೇಕು, ಸಲಹೆ ಆಮೇಲೆ. ಈ ನಿಯಮವಿಲ್ಲದಿದ್ದರೆ ಹಿರಿಯರು ಮಾತಾಡುತ್ತಾರೆ, ಕಿರಿಯರು ತಲೆಯಾಡಿಸುತ್ತಾರೆ. ಗುರುತು ಮುಚ್ಚುವುದು ನಾವು ಅಂದುಕೊಂಡಿದ್ದಕ್ಕಿಂತ ಕಷ್ಟ. ಹೆಸರು ಬಿಟ್ಟರೆ ಸಾಲದು. 'ಚನ್ನಗಿರಿ ಕಡೆಯ ಅಡಿಕೆ ವ್ಯಾಪಾರಿಯ ಮಗ, ಈ ವರ್ಷ ಹಾಸ್ಟೆಲ್ ಬದಲಾಯಿಸಿದ್ದಾನೆ' ಎಂದರೆ ಕೂತವರಲ್ಲಿ ಒಬ್ಬರಿಗಾದರೂ ಯಾರೆಂದು ಗೊತ್ತಾಗುತ್ತದೆ. ಎಲ್ಲರಿಗೂ ಎಲ್ಲರೂ ಬೇಕಾದವರೇ ಆಗಿರುವ ಜಿಲ್ಲೆ ಇದು. ಹಾಗಾಗಿ ಊರು, ಜಾತಿ, ತಂದೆಯ ಕಸುಬು ಮೂರನ್ನೂ ಬಿಟ್ಟೇ ಹೇಳಬೇಕು. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಪ್ರಕರಣದ ಚರ್ಚೆ ಸಂಪೂರ್ಣ ನಿಷಿದ್ಧ. ಅಲ್ಲಿ ಸಭೆಯ ದಿನಾಂಕ ಮತ್ತು ಆಸ್ಪತ್ರೆಯ ಸಮಯ ಅಷ್ಟೇ.

ತರಬೇತಿ ಬೇಕೆನ್ನುವ ಶಿಕ್ಷಕರಿಗೆ ಎನ್‌ಸಿಇಆರ್‌ಟಿಯ ಮಾರ್ಗದರ್ಶನ ಮತ್ತು ಆಪ್ತಸಮಾಲೋಚನೆಯ ಡಿಪ್ಲೊಮಾ ಇದೆ. ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆ ಅದರ ಕೇಂದ್ರಗಳಲ್ಲಿ ಒಂದು. ದೂರಶಿಕ್ಷಣ, ನೇರ ತರಗತಿ, ಕಾರ್ಯಾನುಭವ ಮೂರೂ ಸೇರಿರುವುದರಿಂದ ವಾರಾಂತ್ಯದ ಪ್ರಮಾಣಪತ್ರಗಳಿಗಿಂತ ಇದನ್ನೇ ಸೂಚಿಸುತ್ತೇನೆ. ವೃತ್ತಿ ಮಾರ್ಗದರ್ಶನಕ್ಕೆ ಮಾತ್ರ ಯಾವ ಡಿಪ್ಲೊಮಾಕ್ಕೂ ಕಾಯಬೇಡಿ. ಹತ್ತಿರದ ಐಟಿಐ, ಪಾಲಿಟೆಕ್ನಿಕ್‌ಗಳ ಪ್ರಾಂಶುಪಾಲರ ಪರಿಚಯವಿದ್ದರೆ, 'ಸೈನ್ಸ್ ಕೊಡಿಸಲೇಬೇಕು' ಎಂದು ಹಟ ಹಿಡಿದ ಪಾಲಕರನ್ನು ಅಲ್ಲಿಗೆ ಕರೆದೊಯ್ದು ವರ್ಕ್‌ಶಾಪ್ ತೋರಿಸಬಹುದು.

ಈ ಬಾರಿ ಎಸ್‌ಎಸ್‌ಎಲ್‌ಸಿ, ಪಿಯುಸಿ ಫಲಿತಾಂಶಕ್ಕೆ ಮೊದಲಿನ ಸಭೆಗೆ ಹಾಸ್ಟೆಲ್ ವಾರ್ಡನ್‌ಗಳನ್ನೂ ಕರೆಯಬೇಕೆಂದಿದ್ದೇವೆ. ಒಂದು ಪರೀಕ್ಷೆ ಹೋದರೆ ಅದೇ ವರ್ಷ ಮತ್ತೆ ಬರೆಯುವ ಅವಕಾಶವಿದೆ ಎಂಬುದು ಮಕ್ಕಳಿಗೆ ಗೊತ್ತು, ಆ ಹೊತ್ತಿನಲ್ಲಿ ನೆನಪಾಗುವುದಿಲ್ಲ. ನೆನಪಿಸಬೇಕಾದವರು ವಾರ್ಡನ್. ಹೊತ್ತಲ್ಲದ ಹೊತ್ತಿನಲ್ಲಿ ಯಾರಿಗೆ ಫೋನ್ ಮಾಡಲಿ ಎಂದು ಅವರು ಕೇಳುತ್ತಾರೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416 ಹಗಲಿರುಳೂ ಇದೆ, ಕನ್ನಡದಲ್ಲೇ ಮಾತಾಡುತ್ತಾರೆ, ಖರ್ಚಿಲ್ಲ. ಕರೆ ಮುಗಿಯುವವರೆಗೂ ಮಗುವನ್ನು ಕೋಣೆಯಲ್ಲಿ ಒಬ್ಬಂಟಿಯಾಗಿ ಬಿಡಬಾರದು, ಬೆಳಿಗ್ಗೆ ಆಪ್ತಸಮಾಲೋಚಕರಿಗೆ ತಿಳಿಸಬೇಕು.