ಆಕ್ಯುಲೋಪ್ಲಾಸ್ಟಿ ಫೆಲೋಶಿಪ್ ಮುಗಿದ ಮೇಲೆ ಯಾವ ದಾರಿ?

ಕೋಲಾರದಲ್ಲಿ ನನ್ನ ಜೊತೆ ನೇತ್ರ ವಿಭಾಗದಲ್ಲಿ ಪಿಜಿ ಓದುತ್ತಿರುವವರಿಗೆ, ನಮ್ಮ ಜೂನಿಯರ್‌ಗಳಿಗೆ ಈ ಟಿಪ್ಪಣಿ.

ಎಂಬಿಬಿಎಸ್ ಐದೂವರೆ ವರ್ಷ, ಎಂಎಸ್ 3 ವರ್ಷ, ಅದರ ಮೇಲೆ ಫೆಲೋಶಿಪ್ ಸಾಮಾನ್ಯವಾಗಿ 1ರಿಂದ 2 ವರ್ಷ. ಅಲ್ಲಿ ಕಲಿಯುವುದು ಕಣ್ಣುಗುಡ್ಡೆಯ ಸುತ್ತಲಿನ ಕೆಲಸ: ರೆಪ್ಪೆ, ಕಣ್ಣೀರು ಹರಿಯುವ ದಾರಿ, ಕಣ್ಣಿನ ಗೂಡು. ಇಷ್ಟು ಓದಿದ ಮೇಲೆ ಬೆಂಗಳೂರೇ ಗತಿ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ.

ಕಾರಣ ನಮ್ಮ ಓಪಿಡಿಯಲ್ಲೇ ಇದೆ. ಶ್ರೀನಿವಾಸಪುರದ ಕಡೆಯ ಒಬ್ಬ ಅಜ್ಜಿ ಪೊರೆ ಆಪರೇಷನ್‌ಗೆ ಬಂದಿದ್ದರು. ಮೂಗಿನ ಪಕ್ಕ ಕಣ್ಣೀರಿನ ಚೀಲ ಒತ್ತಿದರೆ ಕೀವು ಬಂತು. 'ನೀರು ಸೋರೋದು ವರ್ಷಗಳಿಂದ ಇದೆ ಸ್ವಾಮಿ, ವಯಸ್ಸಾಯ್ತಲ್ಲ' ಅಂದರು. ಪೊರೆ ಆಪರೇಷನ್ ಮುಂದಕ್ಕೆ ಹೋಯಿತು. ಚೀಲದಲ್ಲಿ ಕೀವಿದ್ದಾಗ ಆಪರೇಷನ್‌ಗೆ ಕಣ್ಣು ಕೊಯ್ದರೆ ರೋಗಾಣು ಒಳಗೆ ಹೋಗಿ ದೃಷ್ಟಿಯೇ ಹೋಗಬಹುದು.

ಇಲ್ಲಿ ಎರಡು ಆಯ್ಕೆ ಇವೆ. ಚೀಲವನ್ನೇ ತೆಗೆದರೆ (ಡಿಸಿಟಿ) ಕೀವು ನಿಲ್ಲುತ್ತದೆ, ಆದರೆ ನೀರು ಸೋರುವುದು ನಿಲ್ಲುವುದಿಲ್ಲ. ಡಿಸಿಆರ್ ಮಾಡಿದರೆ ಮೂಳೆಯಲ್ಲಿ ಕಿಟಕಿ ಕೊರೆದು ಚೀಲದಿಂದ ಮೂಗಿಗೆ ಹೊಸ ದಾರಿ ಮಾಡುತ್ತೇವೆ. ಚರ್ಮ ಕೊಯ್ದು ಮಾಡುವ ವಿಧಾನವನ್ನು ಇಟಲಿಯ ಟೋಟಿ 1904ರಲ್ಲಿ ವಿವರಿಸಿದರು. ಈಗ ಎಂಡೋಸ್ಕೋಪ್ ಹಾಕಿ ಮೂಗಿನ ಒಳಗಿಂದಲೂ ಮಾಡುತ್ತಾರೆ, ಮುಖದ ಮೇಲೆ ಗಾಯದ ಗುರುತಿರುವುದಿಲ್ಲ. ಮಾಮೂಲಿ ಡಿಸಿಆರ್ ಅನ್ನು ಸಾಮಾನ್ಯ ನೇತ್ರತಜ್ಞರೂ ಮಾಡುತ್ತಾರೆ. ಒಮ್ಮೆ ಮಾಡಿ ಮತ್ತೆ ಮುಚ್ಚಿಕೊಂಡ ಕೇಸು ಬಂದಾಗ ತರಬೇತಿ ಪಡೆದ ಕೈ ಬೇಕು.

ಚೆನ್ನೈ ಹೆದ್ದಾರಿಯ ಅಪಘಾತಗಳೂ ಹಾಗೆಯೇ. ರೆಪ್ಪೆಯ ಜೊತೆ ಕಣ್ಣೀರಿನ ನಾಳ ಹರಿದಿದ್ದರೆ ಒಂದೆರಡು ದಿನದೊಳಗೆ ಸೇರಿಸಿ ಹೊಲಿಯುವುದು ಒಳ್ಳೆಯದು. ಬೆಂಗಳೂರಿಗೆ ಬರೆದುಕೊಟ್ಟರೆ ಜೊತೆಗೆ ಹೋಗುವವರ ಕೂಲಿಯೂ ಹೋಗುತ್ತದೆ. ಎಷ್ಟೋ ಜನ ಸುಮ್ನೆ ಮನೆಗೆ ವಾಪಸ್ಸು ಹೋಗುತ್ತಾರೆ.

ಈಗ ದಾರಿಗಳ ವಿಷಯ. ಮೆಡಿಕಲ್ ಕಾಲೇಜು ಸೇರಿದರೆ ಸಂಬಳ ಖಾಸಗಿಗಿಂತ ಕಮ್ಮಿ ಇರಬಹುದು, ಆದರೆ ಕಷ್ಟದ ಕೇಸು ಜಾಸ್ತಿ. ಪಕ್ಕದಲ್ಲೇ ಇಎನ್‌ಟಿ, ಅರಿವಳಿಕೆ, ದವಡೆ ಸರ್ಜರಿ ವಿಭಾಗಗಳು ಇರುತ್ತವೆ. ಒಬ್ಬರೇ ಮಾಡುವ ವಿದ್ಯೆಯಲ್ಲ ಇದು. 2021ರಲ್ಲಿ ಕಪ್ಪು ಶಿಲೀಂಧ್ರ ಬಂದಾಗ ನೇತ್ರತಜ್ಞರು, ಇಎನ್‌ಟಿಯವರು ಒಟ್ಟಿಗೆ ನಿಂತರು. ಕೆಲವರಿಗೆ ಜೀವ ಉಳಿಸಲು ಕಣ್ಣಿನ ಗೂಡನ್ನೇ ಖಾಲಿ ಮಾಡಬೇಕಾಯಿತು.

ಸ್ವಂತ ಕ್ಲಿನಿಕ್ ಇಡುವವರು ಪೊರೆ ಆಪರೇಷನ್ ಬಿಡಬೇಡಿ. ಜಿಲ್ಲಾ ಊರಿನಲ್ಲಿ ಬರೀ ರೆಪ್ಪೆ ಕೇಸಿನಿಂದ ಬಾಡಿಗೆ ಕಟ್ಟುವುದು ಕಷ್ಟ. ನನಗೆ ಹೆಚ್ಚು ಹಿಡಿಸಿದ್ದು ಇನ್ನೊಂದು ದಾರಿ: ಒಂದು ಕಡೆ ಕಾಯಂ ಕೆಲಸ, ಜೊತೆಗೆ ವಾರಕ್ಕೊಂದು ದಿನ ಕೋಲಾರ, ಇನ್ನೊಂದು ದಿನ ಚಿಕ್ಕಬಳ್ಳಾಪುರ ಅಂತ ವಿಸಿಟಿಂಗ್. ಊರಿನ ನೇತ್ರತಜ್ಞರು ಕೇಸು ಕೂಡಿಸಿ ಇಟ್ಟಿರುತ್ತಾರೆ. ಆದರೆ ಆಪರೇಷನ್ ಆದ ಮಾರನೇ ದಿನ ಪಟ್ಟಿ ಬಿಚ್ಚಿ ನೋಡುವವರು ಯಾರು ಅನ್ನುವುದನ್ನು ಮೊದಲೇ ಮಾತಾಡಿಕೊಳ್ಳಬೇಕು.

ಸೌಂದರ್ಯ ಚಿಕಿತ್ಸೆಗೆ ಹಣ ಕೊಡುವವರು ಸದ್ಯಕ್ಕೆ ದೊಡ್ಡ ಊರುಗಳಲ್ಲೇ ಜಾಸ್ತಿ. ಅದನ್ನು ಕೀಳಾಗಿ ನೋಡಬೇಡಿ. ಸುಕ್ಕಿಗೆ ಹೆಸರಾದ ಬೊಟಾಕ್ಸ್‌ಗೆ ಅಮೆರಿಕದಲ್ಲಿ 1989ರಲ್ಲಿ ಮೊದಲು ಅನುಮತಿ ಸಿಕ್ಕಿದ್ದು ಮೆಳ್ಳಗಣ್ಣಿಗೆ ಮತ್ತು ರೆಪ್ಪೆ ತಾನಾಗಿ ಬಿಗಿದುಕೊಳ್ಳುವ ಕಾಯಿಲೆಗೆ. ಮಕ್ಕಳ ಕಣ್ಣಿನ ಕ್ಯಾನ್ಸರ್ ಕಡೆ ಮನಸ್ಸಿದ್ದರೆ ಇನ್ನಷ್ಟು ತರಬೇತಿ ಬೇಕು, ದೊಡ್ಡ ಆಸ್ಪತ್ರೆಯೂ ಬೇಕು.

ಫೆಲೋಶಿಪ್ ಸೇರುವ ಮುಂಚೆ ಅಲ್ಲಿ ಓದಿ ಹೊರಬಂದವರಿಗೆ ಫೋನ್ ಮಾಡಿ. ಆಸ್ಪತ್ರೆಯಲ್ಲಿ ಎಷ್ಟು ಆಪರೇಷನ್ ಆಗುತ್ತೆ ಅಂತ ಕೇಳಬೇಡಿ. ನೀವೇ ಕೈಯಾರೆ ಎಷ್ಟು ಡಿಸಿಆರ್, ಎಷ್ಟು ಜೋಲುರೆಪ್ಪೆ ಆಪರೇಷನ್ ಮಾಡಿದಿರಿ ಅಂತ ಕೇಳಿ.