ಗಡಿ ನೋಡಬೇಕೋ, ಕಾಲ ನೋಡಬೇಕೋ?

ಪ್ರಶ್ನೆ: ಒಂದು ಯೋಜನೆ ನಮ್ಮ ಜಿಲ್ಲೆಗೆ ಬಂತು, ಪಕ್ಕದ ಜಿಲ್ಲೆಗೆ ಬರಲಿಲ್ಲ. ಅದರ ಪರಿಣಾಮ ತಿಳಿಯಲು ಗಡಿಯ ಆಚೀಚೆಯ ಊರುಗಳನ್ನು ಹೋಲಿಸಬೇಕೋ, ಯೋಜನೆಗೆ ಮೊದಲು ಹೇಗಿತ್ತು, ಆಮೇಲೆ ಹೇಗಾಯಿತು ಎಂದು ನೋಡಬೇಕೋ?

ಉತ್ತರ: ಮೊದಲು ಆ ಗಡಿಯನ್ನು ಯಾರು, ಯಾಕೆ ಎಳೆದರು ಅಂತ ಕೇಳಿ. ವಿಧಾನದ ಆಯ್ಕೆ ಅದರ ಮೇಲೆ ನಿಂತಿದೆ.

ನನಗೆ ತುಂಬ ಇಷ್ಟವಾದ ಉದಾಹರಣೆ 1854ರ ಲಂಡನ್ನಿನದು. ಥೇಮ್ಸ್ ನದಿಯ ದಕ್ಷಿಣಕ್ಕೆ ಎರಡು ಕಂಪನಿಗಳ ನೀರಿನ ಪೈಪು ಒಂದೇ ಬೀದಿಯಲ್ಲಿ ಹಾದುಹೋಗಿದ್ದವು. ಲ್ಯಾಂಬೆತ್ ಕಂಪನಿ 1852ರಲ್ಲಿ ಕೊಳಚೆ ಸೇರದ ಮೇಲ್ಭಾಗದಿಂದ ನೀರೆತ್ತಲು ಶುರುಮಾಡಿತ್ತು. ಸೌತ್‌ವಾರ್ಕ್ ಅಂಡ್ ವಾಕ್ಸ್‌ಹಾಲ್ ಕಂಪನಿ ಬ್ಯಾಟರ್ಸಿಯ ಕೊಳಕು ನೀರನ್ನೇ ಕೊಡುತ್ತಿತ್ತು. ಕಾಲರಾ ನೀರಿನಿಂದ ಹರಡುತ್ತದೆ ಎಂದು ನಂಬಿದ್ದ ವೈದ್ಯ ಡಾ. ಜಾನ್ ಸ್ನೋ, ಕಾಲರಾ ಸಾವಾದ ಮನೆಗಳಿಗೆ ಹೋಗಿ ನೀರು ಯಾರದೆಂದು ವಿಚಾರಿಸಿದರು. ಎಷ್ಟೋ ಬಾಡಿಗೆಯವರಿಗೆ ಅದು ಗೊತ್ತೇ ಇರಲಿಲ್ಲ. ಆಗ ನೀರಿಗೆ, ಉಪ್ಪಿದ್ದರೆ ಬಿಳಿ ಗಷ್ಟು ಇಳಿಸುವ ಸಿಲ್ವರ್ ನೈಟ್ರೇಟ್ ಹಾಕಿ ನೋಡಿದರು. ಬ್ಯಾಟರ್ಸಿಯ ನೀರಿನಲ್ಲಿ ಉಪ್ಪು ಸುಮಾರು ನಲವತ್ತು ಪಟ್ಟು ಹೆಚ್ಚು. ಬಿಳಿ ಗಷ್ಟು ದಟ್ಟವಾಗಿ ಇಳಿಯುತ್ತಿತ್ತು. ಕೊನೆಗೆ ಸಿಕ್ಕ ಲೆಕ್ಕ: ಪ್ರತಿ 10,000 ಮನೆಗೆ ಸೌತ್‌ವಾರ್ಕ್ ಅಂಡ್ ವಾಕ್ಸ್‌ಹಾಲ್ ಗಿರಾಕಿಗಳಲ್ಲಿ 315 ಸಾವು, ಲ್ಯಾಂಬೆತ್‌ನವರಲ್ಲಿ 37.

ಅಕ್ಕಪಕ್ಕದ ಮನೆ, ಅದೇ ಗಾಳಿ, ಅದೇ ಬಡತನ. ಬೇರೆಯಾದದ್ದು ನೀರು ಮಾತ್ರ. 1849ರ ಕಾಲರಾ ಹೊತ್ತಿಗೆ ಎರಡೂ ಕಂಪನಿಗಳದು ಕೊಳಕು ನೀರೇ ಆಗಿದ್ದರಿಂದ ಕಾಲದ ಹೋಲಿಕೆಗೂ ದಾರಿಯಿತ್ತು. ಒಂದು ಕಡೆಯ ಮೊದಲು-ಆಮೇಲಿನ ಬದಲಾವಣೆಯನ್ನು ಇನ್ನೊಂದು ಕಡೆಯ ಬದಲಾವಣೆಯ ಜೊತೆ ಹೋಲಿಸುವ ಇದನ್ನೇ ಈಗ ಡಿಫರೆನ್ಸ್-ಇನ್-ಡಿಫರೆನ್ಸಸ್ ಅನ್ನುತ್ತಾರೆ. ಯೋಜನೆ ಬರದೇ ಇದ್ದಿದ್ದರೆ ಎರಡೂ ಕಡೆ ಒಂದೇ ದಿಕ್ಕಿನಲ್ಲಿ ಸಾಗುತ್ತಿದ್ದವು ಎಂಬ ನಂಬಿಕೆಯೇ ಅದರ ಬುನಾದಿ.

ಗಡಿ ವಿಧಾನಕ್ಕೆ ಹಳೆಯ ಅಂಕಿಅಂಶ ಬೇಕಿಲ್ಲ, ಆದರೆ ಗೆರೆ ದಾಟಿದಾಗ ಬೇರೆ ಯಾವುದೂ ಥಟ್ಟನೆ ಬದಲಾಗಬಾರದು. ಚೀನಾದ ಹುವಾಯ್ ನದಿಯ ಉತ್ತರದವರಿಗೆ ಸರ್ಕಾರ ಚಳಿಗಾಲಕ್ಕೆ ಪುಕ್ಕಟೆ ಕಲ್ಲಿದ್ದಲು ಕೊಟ್ಟಿತು, ದಕ್ಷಿಣದವರಿಗೆ ಕೊಡಲಿಲ್ಲ. ಹೊಗೆಯಿಂದ ಉತ್ತರದಲ್ಲಿ ಆಯಸ್ಸು 5.5 ವರ್ಷ ಕಡಿಮೆ ಎಂದು 2013ರ ಅಧ್ಯಯನ ಹೇಳಿತು. ನಂತರದ ವರ್ಷಗಳ ದತ್ತಾಂಶ ಹಿಡಿದ 2017ರ ಅಧ್ಯಯನದಲ್ಲಿ ಅದು 3.1 ವರ್ಷ. ಮೊದಲ ಅಧ್ಯಯನ ದತ್ತಾಂಶಕ್ಕೆ ಹೊಂದುವಂತೆ ಗ್ರಾಫಿನಲ್ಲಿ ಎಳೆದ ಬಾಗಿದ ಗೆರೆಯ ಬಗ್ಗೆ ಗಟ್ಟಿ ಆಕ್ಷೇಪಗಳೂ ಬಂದವು. ನದಿ ಅದೇ, ಸಿಕ್ಕ ಲೆಕ್ಕ ಮಾತ್ರ ಇಷ್ಟು ಅಲುಗಾಡಿತು.

ನಮ್ಮ ತುಂಗಭದ್ರೆಯನ್ನೇ ನೋಡಿ. ಬ್ರಿಟಿಷರ ಕಾಲದಲ್ಲಿ ಹೊಸಪೇಟೆ ಮದರಾಸು ಪ್ರಾಂತದಲ್ಲಿತ್ತು, ಆಚೆ ದಡದ ಗಂಗಾವತಿ ನಿಜಾಮರ ಸೀಮೆಯಲ್ಲಿತ್ತು. ಕಂದಾಯ, ಶಾಲೆ, ಆಡಳಿತದ ಭಾಷೆ ಎಲ್ಲವೂ ಹೊಳೆ ದಾಟಿದರೆ ಬೇರೆ. ಇವತ್ತಿನ ವ್ಯತ್ಯಾಸವನ್ನು ಅದರಲ್ಲಿ ಯಾವುದಾದರೂ ಒಂದರ ತಲೆಗೆ ಕಟ್ಟಲಾಗದು.

ಜಿಲ್ಲೆಯ ಗಡಿಯಲ್ಲೂ ಇದೇ ತೊಡಕು: ಅಧಿಕಾರಿಗಳೂ ಬೇರೆ, ಉಳಿದ ಯೋಜನೆಗಳೂ ಬೇರೆ. ಜೊತೆಗೆ ಜನ ಗಡಿ ದಾಟಿ ಕೆಲಸಕ್ಕೆ, ಆಸ್ಪತ್ರೆಗೆ ಹೋಗುತ್ತಾರೆ, ಹೋಲಿಕೆ ಕಲಸಿಹೋಗುತ್ತದೆ. ಹಳೆಯ ಅಂಕಿಅಂಶ ಸಿಕ್ಕರೆ ನಾನು ಎರಡನ್ನೂ ಕೂಡಿಸುತ್ತೇನೆ: ಗಡಿಗೆ ಹತ್ತಿರದ ಊರುಗಳನ್ನಷ್ಟೇ ಆರಿಸಿ, ಅಲ್ಲಿ ಮೊದಲು-ಆಮೇಲಿನ ಬದಲಾವಣೆಯನ್ನು ಹೋಲಿಸುವುದು. ಯೋಜನೆ ಬರುವ ಮೊದಲಿನ ನಾಲ್ಕೈದು ವರ್ಷದ ಲೆಕ್ಕ ತೆಗೆದು ನೋಡಿ. ಆಗಲೇ ಎರಡೂ ಕಡೆಯ ಊರುಗಳು ಬೇರೆ ಬೇರೆ ದಾರಿ ಹಿಡಿದಿದ್ದರೆ ಬೇರೆ ಊರುಗಳನ್ನು ಹುಡುಕಿ.